ಮಲೆನಾಡಿನ ಮಳೆಗೆ ಯಾವ ಉಕ್ಕಿನ ಚಾಕು? ನನ್ನ ಅನುಭವ

ಮೂಡಿಗೆರೆ ಕಡೆ ಕಾಫಿ ತೋಟ ಇರುವವರ ಜೇಬಲ್ಲಿ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಮೆಣಸಿನ ಬಳ್ಳಿ ಕಟ್ಟುವ ದಾರ ಕತ್ತರಿಸೋಕೆ, ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋಕೆ, ಪೈಪಿನ ತುದಿ ಸಮ ಮಾಡೋಕೆ, ಮಧ್ಯೆ ಒಂದು ಕಿತ್ತಳೆ ಸಿಕ್ಕಿದರೆ ಅದಕ್ಕೂ. ಬೇರೆ ಊರಿನವರು ಚಾಕು ಕೊಳ್ಳುವಾಗ ಹರಿತ ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳುತ್ತಾರೆ. ನಮಗೆ ಅದು ಆಮೇಲಿನ ಪ್ರಶ್ನೆ. ಆರಿದ್ರಾ ಮಳೆ ಹಿಡಿದರೆ ಮಘೆ ಮುಗಿಯುವ ತನಕ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರುವ ಜಾಗ ಇದು. ಗಾಳಿಯ ತೇವ ಸುಮಾರು 60 ಪರ್ಸೆಂಟ್ ದಾಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಚುರುಕಾಗುತ್ತದೆ. ಕೊಟ್ಟಿಗೆಹಾರದಲ್ಲಿ ಜುಲೈ ತಿಂಗಳಲ್ಲಿ 60ಕ್ಕೆ ಇಳಿಯುವುದು ಎಲ್ಲಿಂದ ಬಂತು?

ನನಗೆ ಚಾಕುಗಳ ಹುಚ್ಚು ಸ್ವಲ್ಪ ಜಾಸ್ತಿ. ಡ್ರಾಯರ್ ತುಂಬಾ ಇವೆ. ಪ್ರತಿಯೊಂದರ ಡಬ್ಬದ ಮೇಲೂ ಉಕ್ಕಿನ ಹೆಸರು ದೊಡ್ಡದಾಗಿ ಬರೆದಿರುತ್ತದೆ. ತುಕ್ಕಿನ ಬಗ್ಗೆ ಮಾತ್ರ ಯಾರೂ ಸರಿಯಾಗಿ ಹೇಳಲ್ಲ. ಅದಕ್ಕೆ ಒಂದು ಮಳೆಗಾಲ ಪೂರ್ತಿ ಇವನ್ನೆಲ್ಲ ಒಂದೇ ಥರ ದುಡಿಸಿ ನೋಡೋಣ ಅಂತ ಹೊರಟೆ.

ಸಾಲಲ್ಲಿ ಮೊದಲನೆಯದು ನಮ್ಮೂರಿನ ಆಚಾರ್ರು ಲಾರಿಯ ಕಮಾನ್ ಪಟ್ಟೆಯಿಂದ ಬಡಿದುಕೊಟ್ಟ ಸಣ್ಣ ಚೂರಿ. ಮಡಚೋಕೆ ಬರಲ್ಲ, ಆದರೂ ಸೇರಿಸಿದೆ. ಆಮೇಲೆ ಫ್ರಾನ್ಸಿನ ಮರದ ಹಿಡಿಯ ಚಾಕು, ಸಾದಾ ಕಾರ್ಬನ್ ಉಕ್ಕು. ಮೂರನೆಯದು ಆನ್‌ಲೈನಲ್ಲಿ ತರಿಸಿದ, ಡಿ2 ಅನ್ನುವ ಉಕ್ಕಿನದು. ನಾಲ್ಕನೆಯದು ಕಡಿಮೆ ಬೆಲೆಯ ಚೀನೀ ಚಾಕು, ಉಕ್ಕು 8ಸಿಆರ್13ಎಂಒವಿ. ಜೊತೆಗೆ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯದು ಒಂದು, ಸ್ವೀಡನ್ನಿನ 14ಸಿ28ಎನ್ ಉಕ್ಕಿನದು ಒಂದು. ಕೊನೆಯದು ನನ್ನದಲ್ಲ. ಅಕ್ಕನ ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ರಜೆಗೆ ಬಂದವನ ಹತ್ತಿರ ಜಪಾನಿನ ಎಚ್1 ಉಕ್ಕಿನ ಚಾಕು ಇತ್ತು. "ಮಾವ, ಇದನ್ನ ಸಮುದ್ರದ ನೀರಲ್ಲೇ ತೊಳೀತೀನಿ, ಒಂದು ಚುಕ್ಕಿನೂ ಬಂದಿಲ್ಲ" ಅಂದ. ಹಾಗಾದರೆ ಇಲ್ಲಿಟ್ಟು ಹೋಗು ಅಂತ ಇಸ್ಕೊಂಡೆ.

ನೋಡೋಕೆ ಮುಂಚೆ ಎಲ್ಲದರ ಅಲಗನ್ನು ಸೋಪು ಹಾಕಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದೆ. ಇದನ್ನು ಮಾಡದೆ ಹೋಲಿಸಿದರೆ ಪ್ರಯೋಜನ ಇಲ್ಲ. ಕಂಪನಿಯಿಂದ ಬರುವಾಗಲೇ ಎಣ್ಣೆ ಸವರಿರುತ್ತಾರೆ, ಎಣ್ಣೆಯ ಗುಣ ಉಕ್ಕಿನ ಗುಣ ಅಂತ ಕಾಣುತ್ತದೆ. ಆಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಕರಗಿಸಿ, ಅದರಲ್ಲಿ ಬಟ್ಟೆ ಅದ್ದಿ, ಎಲ್ಲಾ ಅಲಗಿಗೂ ಸುತ್ತಿ ಹಿಂದಿನ ಜಗಲಿಯ ಮೇಲೆ ಸಾಲಾಗಿ ಇಟ್ಟೆ.

ಕಾಫಿ ಕುಡಿದು ಬರುವಷ್ಟರಲ್ಲಿ ಕಮಾನ್ ಪಟ್ಟೆ ಮತ್ತು ಕಾರ್ಬನ್ ಎರಡರ ಬಟ್ಟೆಯೂ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅದು ಗೊತ್ತಿದ್ದದ್ದೇ. ಮಿಕ್ಕವನ್ನು ರಾತ್ರಿ ಬಿಟ್ಟು ಬೆಳಿಗ್ಗೆ ಬಿಚ್ಚಿದೆ. ಡಿ2 ಅಲಗಿನ ಮೇಲೆ ಅಲ್ಲಲ್ಲಿ ಕಂದು ಚುಕ್ಕಿ ಎದ್ದಿತ್ತು. ಚೀನೀ ಚಾಕುವಿನ ಅಲಗು ಚೊಕ್ಕಟವಾಗಿತ್ತು, ಒಂದು ಜಾಗ ಬಿಟ್ಟು. ಕಂಪನಿ ಹೆಸರನ್ನು ಲೇಸರಿನಲ್ಲಿ ಸುಟ್ಟು ಬರೆದಿದ್ದರಲ್ಲ, ಆ ಅಕ್ಷರಗಳ ಗೆರೆಗುಂಟ ಸೂಜಿಮೊನೆಯಷ್ಟು ಸಣ್ಣ ತುಕ್ಕಿನ ಹನಿಗಳು ಕೂತಿದ್ದವು. ಲೆನ್ಸ್ ಹಿಡಿದು ನೋಡಿದರೆ ಗೆರೆಯ ಹೊರಗೆ ಒಂದೂ ಇಲ್ಲ. ಲೇಸರ್ ಶಾಖಕ್ಕೆ ಅಲ್ಲಿಯ ಮೇಲ್ಮೈ ಕೆಟ್ಟಿರುತ್ತದೆ, ತುಕ್ಕಿಗೆ ಅಲ್ಲೇ ಬಾಗಿಲು. ವಿಕ್ಟೋರಿನಾಕ್ಸ್, 14ಸಿ28ಎನ್, ಎಚ್1 ಮೂರಕ್ಕೂ ಏನೂ ಆಗಿರಲಿಲ್ಲ. ಇನ್ನೂ ಬಿಡುತ್ತಾ ಹೋದರೆ ಈ ಮೂರರಲ್ಲಿ ಮೊದಲೆರಡಕ್ಕೂ ಮಂಕು ಬಂತು. ಎಚ್1 ಹಾಗೇ ಇತ್ತು. ಅಳಿಯ ಹೇಳಿದ್ದು ಸುಳ್ಳಲ್ಲ.

ಡಿ2 ಬಗ್ಗೆ ಸ್ವಲ್ಪ ಹೇಳಬೇಕು. ಅದರಲ್ಲಿ ಕ್ರೋಮಿಯಂ ಸುಮಾರು 12 ಪರ್ಸೆಂಟ್ ಇರುತ್ತದೆ. ಚೀನೀ ಉಕ್ಕಿನಲ್ಲಿ 13. ಒಂದೇ ಒಂದು ಪರ್ಸೆಂಟಿಗೆ ಇಷ್ಟು ವ್ಯತ್ಯಾಸ ಹೇಗೆ?

ಉಕ್ಕಿನೊಳಗೆ ಕ್ರೋಮಿಯಂ ಸಾಕಷ್ಟು ಕರಗಿದ್ದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಪದರ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣಲ್ಲ. ಗೀರು ಬಿದ್ದರೂ ಆಮ್ಲಜನಕ ಸಿಕ್ಕಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳೋಕೆ ಕನಿಷ್ಠ 10.5 ಪರ್ಸೆಂಟ್ ಕ್ರೋಮಿಯಂ ಬೇಕು ಅನ್ನುವುದು ಲೆಕ್ಕ. ಆದರೆ ಚಾಕು ಗಟ್ಟಿ ಆಗಬೇಕಾದರೆ ಕಾರ್ಬನ್ ಬೇಕು. ಕಾರ್ಬನ್‌ಗೆ ಕ್ರೋಮಿಯಂ ಕಂಡರೆ ಬಲು ಪ್ರೀತಿ. ಎರಡೂ ಸೇರಿ ಕ್ರೋಮಿಯಂ ಕಾರ್ಬೈಡ್ ಅನ್ನುವ ಗಟ್ಟಿ ಕಣಗಳಾಗಿಬಿಡುತ್ತವೆ. ಹರಿತ ನಿಲ್ಲೋಕೆ ಈ ಕಣಗಳು ಒಳ್ಳೆಯದೇ. ಅದರೊಳಗೆ ಸಿಕ್ಕಿಕೊಂಡ ಕ್ರೋಮಿಯಂ ಮಾತ್ರ ತುಕ್ಕು ತಡೆಯುವ ಕೆಲಸಕ್ಕೆ ಸಿಗಲ್ಲ.

ಡಿ2ನಲ್ಲಿ ಕಾರ್ಬನ್ 1.5 ಪರ್ಸೆಂಟ್. ಹೆಚ್ಚುಕಡಿಮೆ ಅರ್ಧ ಕ್ರೋಮಿಯಂ ಕಾರ್ಬೈಡಿಗೇ ಹೋಗುತ್ತದೆ. 8ಸಿಆರ್13ಎಂಒವಿಯಲ್ಲಿ ಕಾರ್ಬನ್ 0.8, 14ಸಿ28ಎನ್‌ನಲ್ಲಿ 0.62, ವಿಕ್ಟೋರಿನಾಕ್ಸಿನಲ್ಲಿ ಸುಮಾರು 0.5. ಕಾರ್ಬನ್ ಇಳಿದಂತೆ ಸ್ವತಂತ್ರವಾಗಿ ಉಳಿಯುವ ಕ್ರೋಮಿಯಂ ಹೆಚ್ಚು. ಜಗಲಿಯ ಮೇಲೆ ನನಗೆ ಕಂಡ ಸಾಲು ಇದೇ ಲೆಕ್ಕಕ್ಕೆ ಕೂತಿತ್ತು. ಎಚ್1ನಲ್ಲಂತೂ ಕಾರ್ಬನ್ 0.15ಕ್ಕಿಂತ ಮೇಲಿಲ್ಲ. ಗಟ್ಟಿಯಾಗೋಕೆ ಅದು ಬೇರೆಯೇ ದಾರಿ ಹಿಡಿಯುತ್ತದೆ, ನೈಟ್ರೋಜನ್ನು ನಿಕ್ಕಲ್ಲು ಎಲ್ಲ ಇವೆ. 14ಸಿ28ಎನ್‌ನ ಕೊನೆಯ ಅಕ್ಷರವೂ ನೈಟ್ರೋಜನ್ನಿನದೇ, 0.11 ಪರ್ಸೆಂಟ್. ಅಷ್ಟು ಚೂರು ನೈಟ್ರೋಜನ್ ಕಾರ್ಬನ್ನಿನ ಒಂದಿಷ್ಟು ಕೆಲಸವನ್ನು ತಾನು ಮಾಡುತ್ತದೆ, ಕ್ರೋಮಿಯಂ ತಂಟೆಗೆ ಅಷ್ಟಾಗಿ ಹೋಗಲ್ಲ.

ಇದೆಲ್ಲ ಗೊತ್ತಿದ್ದರೆ ಡಬ್ಬದ ಮೇಲಿನ ಕ್ರೋಮಿಯಂ ಅಂಕಿಗೆ ಯಾರೂ ಮರುಳಾಗಲ್ಲ. 2021ರಲ್ಲಿ ಲ್ಯಾರಿನ್ ಥಾಮಸ್ ಅನ್ನುವ ಅಮೆರಿಕದ ಲೋಹತಜ್ಞ ಮ್ಯಾಗ್ನಾಕಟ್ ಅನ್ನುವ ಉಕ್ಕು ತಂದರು. ಅದರಲ್ಲಿರುವ ಕ್ರೋಮಿಯಂ ಬರೀ 10.7. ಆದರೆ ಕ್ರೋಮಿಯಂ ಕಾರ್ಬೈಡ್ ಇಲ್ಲ ಅನ್ನುವಷ್ಟು ಕಡಿಮೆ. ಕಾರ್ಬೈಡೆಲ್ಲ ವೆನೇಡಿಯಂ, ನಿಯೋಬಿಯಂಗಳದ್ದು. ಹಾಗಾಗಿ 14, 15 ಪರ್ಸೆಂಟ್ ಕ್ರೋಮಿಯಂ ಇರುವ ಎಷ್ಟೋ ಉಕ್ಕಿಗಿಂತ ಇದಕ್ಕೆ ತುಕ್ಕು ಕಡಿಮೆ. ಬೆಲೆ ಕೇಳಬೇಡಿ, ನನ್ನ ಡ್ರಾಯರಿನಲ್ಲಿ ಅದು ಇಲ್ಲ.

ಅಂಗಡಿಯಲ್ಲಿ ಕೆಲವರು ಅಯಸ್ಕಾಂತ ಹಿಡಿದು ತೋರಿಸುತ್ತಾರೆ: ಅಂಟಿದರೆ ಕಬ್ಬಿಣ, ಅಂಟದಿದ್ದರೆ ಸ್ಟೀಲು. ಪಾತ್ರೆಗೆ ಅದು ಬಹುಮಟ್ಟಿಗೆ ಸರಿ. 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕ್ಕಲ್ ಇರುವ ಪಾತ್ರೆಯ ಸ್ಟೀಲಿಗೆ ಅಯಸ್ಕಾಂತ ಅಂಟಲ್ಲ. ಆದರೆ ಅದನ್ನು ಕಾಸಿ ಅದ್ದಿ ಗಟ್ಟಿ ಮಾಡೋಕೂ ಬರಲ್ಲ. ಹದ ಕೊಟ್ಟ ಚಾಕುವಿನ ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಚೆನ್ನಾಗಿ ಅಂಟುತ್ತದೆ. ಅಂಟಿತು ಅಂತ ಒಳ್ಳೆಯ ಚಾಕು ವಾಪಸ್ ಇಟ್ಟು ಬಂದವರು ನಮ್ಮ ಕಡೆ ಇದ್ದಾರೆ.

ಜಗಲಿಯ ಲೆಕ್ಕ ಇಷ್ಟು. ತೋಟಕ್ಕಿಳಿದ ಮೇಲೆ ಬೇರೆ ವಿಷಯಗಳು ಕಂಡವು.

ಮಳೆನೀರು ಅಷ್ಟು ಕೆಟ್ಟದ್ದಲ್ಲ. ನಮ್ಮ ಮಳೆಯಲ್ಲಿ ಉಪ್ಪು ಕಡಿಮೆ. ಸ್ಟೇನ್‌ಲೆಸ್ ಚಾಕು ದಿನಪೂರ್ತಿ ಬರೀ ನೀರಲ್ಲಿ ನೆಂದರೂ ಸುಮ್ನೆ ಇರುತ್ತದೆ. ಆ ಕ್ರೋಮಿಯಂ ಪದರವನ್ನು ತೂತು ಮಾಡುವುದು ಉಪ್ಪಿನಲ್ಲಿರುವ ಕ್ಲೋರೈಡು. ಅದು ತೋಟದಲ್ಲಿ ಎರಡು ಕಡೆಯಿಂದ ಬರುತ್ತದೆ. ಒಂದು ಬೆವರು. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಏರು ಹತ್ತಿದರೆ ಹೊರಗಿನ ಮಳೆಗಿಂತ ಒಳಗಿನ ಬೆವರೇ ಜಾಸ್ತಿ, ಪ್ಯಾಂಟಿನ ಜೇಬು ಉಪ್ಪುನೀರಿನ ಚೀಲ. ಇನ್ನೊಂದು ಪೊಟ್ಯಾಶ್. ನಾವು ಹಾಕುವ ಕೆಂಪು ಪೊಟ್ಯಾಶ್ ಅಂದರೆ ಪೊಟ್ಯಾಸಿಯಂ ಕ್ಲೋರೈಡು, ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕ್ಲೋರೈಡೇ. ಆ ಚೀಲದ ಬಾಯಿ ಕುಯ್ದು, ಅಲಗನ್ನು ಪ್ಯಾಂಟಿಗೆ ಒಂದು ಸಲ ಒರೆಸಿ, ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತೇವೆ ಅಲ್ವಾ? ಕೀಲಿನೊಳಗೆ ಪುಡಿ ಸೇರಿ, ತೇವ ಎಳೆದುಕೊಂಡು, ರಾತ್ರಿಯೆಲ್ಲ ತನ್ನ ಕೆಲಸ ಮಾಡುತ್ತದೆ. ಜಗಲಿಯ ಮೇಲೆ ಪಾಸಾದ 14ಸಿ28ಎನ್‌ಗೂ ಗೊಬ್ಬರ ಹಾಕಿದ ವಾರದಲ್ಲಿ ಉಗುರು ಸಿಕ್ಕಿಸಿ ತೆರೆಯುವ ಕಚ್ಚಿನಲ್ಲಿ ಸಣ್ಣ ಗುಳಿ ಬಿತ್ತು. ಉಕ್ಕಿನ ತಪ್ಪಲ್ಲ ಅದು. ಈಗ ಗೊಬ್ಬರದ ಚೀಲಕ್ಕೆ ಶೆಡ್ಡಿನಲ್ಲೇ ಒಂದು ಹಳೆಯ ಕುಡುಗೋಲು ನೇತುಹಾಕಿದ್ದೇನೆ.

ಕಾರ್ಬನ್ ಉಕ್ಕಿನ ಕಥೆ ಬೇರೆ. ಅದಕ್ಕೆ ತುಕ್ಕು ಬರುತ್ತದೋ ಇಲ್ಲವೋ ಅನ್ನುವುದು ಪ್ರಶ್ನೆಯೇ ಅಲ್ಲ, ಯಾವ ಬಣ್ಣದ್ದು ಬರುತ್ತದೆ ಅಂತ ನೋಡಬೇಕು. ಕೊಪ್ಪ, ಶೃಂಗೇರಿ ಕಡೆ ಅಡಿಕೆ ಸುಲಿಯುವ ಕತ್ತಿ ನೋಡಿದ್ದೀರಲ್ಲ, ಕಡುನೀಲಿ ಕಪ್ಪು. ಹಸಿ ಅಡಿಕೆಯ ಚೊಗರಿನಲ್ಲಿ ಟ್ಯಾನಿನ್ ತುಂಬಾ ಇರುತ್ತದೆ. ಕಬ್ಬಿಣದ ಜೊತೆ ಸೇರಿದರೆ ಕಪ್ಪು ಪದರ ಕೂರುತ್ತದೆ. ಅದು ಕೂತ ಮೇಲೆ ಕೆಂಪು ತುಕ್ಕು ಬರುವುದು ನಿಧಾನ. ಪಳಗಿದ ಕಾವಲಿ ಹೇಗೋ ಹಾಗೆ, ಬಳಸಿದಷ್ಟೂ ಪಳಗುತ್ತದೆ, ಉಜ್ಜಿ ಹೊಳಪು ತಂದರೆ ಮತ್ತೆ ಮೊದಲಿಂದ. ನನ್ನ ಕಾರ್ಬನ್ ಚಾಕುವಿಗೂ ಅಡಿಕೆ ಕುಯ್ದು ಕುಯ್ದು ಬೂದುಗಪ್ಪು ಬಂದಿದೆ. ಅವಸರ ಇದ್ದವರು ಕಡಕ್ ಆದ ಬಿಸಿ ಟೀ ಡಿಕಾಕ್ಷನ್ನಿನಲ್ಲಿ ಅದ್ದಿಟ್ಟರೂ ಆಗುತ್ತದೆ. ಅದರಲ್ಲೂ ಟ್ಯಾನಿನ್ನೇ ಇರುವುದು. ಆದರೆ ಅದರಿಂದ ಚಾಕು ಸ್ಟೇನ್‌ಲೆಸ್ ಆಗಲ್ಲ. ಪುನರ್ವಸು, ಪುಷ್ಯ ಮಳೆಯಲ್ಲಿ ಒದ್ದೆಯಾಗಿ ಮಡಚಿಟ್ಟರೆ ಕಪ್ಪಿನ ಮಧ್ಯೆಯೇ ಕೆಂಪು ಏಳುತ್ತದೆ.

ಮರದ ಹಿಡಿ ಬೇರೆ. ನಮ್ಮ ಮಳೆಗೆ ಮರ ಉಬ್ಬಿ ಅಲಗು ಬಿಗಿಯಾಗುತ್ತದೆ, ತೆರೆಯೋಕೆ ಹಲ್ಲು ಕಚ್ಚಬೇಕು. ಮಳೆಗಾಲದಲ್ಲಿ ಅದನ್ನು ಮನೆಯಲ್ಲೇ ಬಿಡುತ್ತೇನೆ.

ತುಕ್ಕು ಹಿಡಿಯುವ ಉಕ್ಕೇ ಬೇಕಾಗುವ ಒಂದು ಕೆಲಸ ನಮ್ಮಲ್ಲಿದೆ, ಬೋರ್ಡೋ, ಅಂದರೆ ಬೂಷ್ಟು ರೋಗಕ್ಕೆ ಗಿಡಗಳಿಗೆ ಹೊಡೆಯುವ ಔಷಧಿ. ಒಂದು ಪರ್ಸೆಂಟ್ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಣ್ಣ ಹಳೆಯದಾಗಿದ್ದರೆ ಅಳತೆ ಸರಿ ಇದ್ದರೂ ಹುಳಿ ಉಳಿದು ಎಲೆ ಸುಡುತ್ತದೆ. ಅದನ್ನು ನೋಡೋಕೆ ಆಚಾರ್ರ ಚೂರಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಬಿಳಿ ಹೊಳಪು ಬಂದ ಮೇಲೆ ಬ್ಯಾರಲಿಗೆ ಅದ್ದಿ ಒಂದು ನಿಮಿಷ ಹಿಡಿಯುತ್ತೇನೆ. ಮೇಲೆತ್ತಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರದ ಪೊರೆ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. "ಅಣ್ಣಾ, ಇನ್ನೂ ಕೆಂಪು ಬರ್ತಿದೆ, ಇನ್ನೊಂದು ಚೊಂಬು ಸುಣ್ಣದ ನೀರು ಹುಯ್ಲಾ?" ಅಂತ ಬ್ಯಾರಲ್ ಕಲಕುವ ಹುಡುಗ ಕೇಳುತ್ತಾನೆ. ಹುಯ್ದು, ಕಲಕಿ, ಮತ್ತೆ ಉಜ್ಜಿ, ಮತ್ತೆ ಅದ್ದಿ, ಅಲಗು ಬೆಳ್ಳಗೆ ಬಂದ ಮೇಲೇ ಪಂಪಿಗೆ. ಇದಕ್ಕೆ ಸ್ಟೇನ್‌ಲೆಸ್ ಚಾಕು ನಂಬಬಾರದು. ಅದರ ಪದರ ತಾಮ್ರವನ್ನು ಹತ್ತಿರ ಸೇರಿಸಲ್ಲ, ಹುಳಿ ಇದ್ದರೂ ಚೊಕ್ಕ ಅಂತಲೇ ತೋರಿಸಬಹುದು. ಕೆಲಸ ಮುಗಿದ ಮೇಲೆ ಚೂರಿ ತೊಳೆಯುವುದು ಮರೀಬೇಡಿ. ತಾಮ್ರದ ಚೂರು ಉಳಿದರೆ ಅದರ ಪಕ್ಕದ ಕಬ್ಬಿಣ ಬೇಗ ತಿಂದುಹೋಗುತ್ತದೆ.

ಉಕ್ಕು ಒಂದೇ ಆದರೂ ಮೇಲ್ಮೈ ಬೇರೆಯಾದರೆ ಫಲಿತಾಂಶ ಬೇರೆ. ಕನ್ನಡಿ ಹೊಳಪು ಇದ್ದರೆ ನೀರು ಜಾರಿ ಹೋಗುತ್ತದೆ. ಮರಳು ಹೊಡೆದು ಮಾಡಿದ ಮಂಕು ಬಣ್ಣದ ಅಲಗಿನಲ್ಲಿ ಕಣ್ಣಿಗೆ ಕಾಣದ ಗುಂಡಿಗಳು ತುಂಬಿರುತ್ತವೆ, ಅವುಗಳಲ್ಲಿ ತೇವ ನಿಲ್ಲುತ್ತದೆ. ನೋಡೋಕೆ ಚೆಂದ ಅಂತ ಅಂಥದ್ದು ತಗೊಳ್ಳುವವರು ಮಳೆ ಕಡಿಮೆ ಇರುವ ಅರಸೀಕೆರೆ ಕಡೆಯವರಾದರೆ ಪರವಾಗಿಲ್ಲ. ಹದ ಕೊಟ್ಟ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಗಟ್ಟಿ ಮಾಡಿದ ಸ್ಟೇನ್‌ಲೆಸ್ಸನ್ನು 500 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಕಾಸಿದರೆ ಕ್ರೋಮಿಯಂ ಇನ್ನಷ್ಟು ಕಾರ್ಬೈಡಿಗೆ ಸೇರಿಕೊಂಡು ತುಕ್ಕು ತಡೆಯುವ ಶಕ್ತಿ ಇಳಿಯುತ್ತದೆ. ಅದೇ ಹೆಸರಿನ ಉಕ್ಕು ಒಬ್ಬರ ಕೈಯಲ್ಲಿ ಒಳ್ಳೆಯದು, ಇನ್ನೊಬ್ಬರ ಕೈಯಲ್ಲಿ ಸಾಧಾರಣ ಆಗುವುದು ಹೀಗೆ.

ಇನ್ನೊಂದು ವಿಷಯ ಗಮನಿಸಿ. ಸಂತೆಯಲ್ಲಿ ಸಾಣೆ ಹಿಡಿಸಿಕೊಂಡು ಬಂದ ಸ್ಟೇನ್‌ಲೆಸ್ ಚಾಕುವಿನ ಅಂಚಿಗೆ ಮಾರನೆಯ ದಿನವೇ ಕಂದು ಪುಡಿ ಕಂಡರೆ ಗಾಬರಿ ಬೇಡ. ಅದೇ ಚಕ್ರದಲ್ಲಿ ಮುಂಚೆ ಮಚ್ಚು, ಕತ್ತಿ ಎಲ್ಲ ಹಿಡಿದಿರುತ್ತಾರೆ. ಚಕ್ರಕ್ಕೆ ಮೆತ್ತಿದ ಕಬ್ಬಿಣದ ಪುಡಿ ನಿಮ್ಮ ಅಲಗಿಗೆ ಅಂಟಿ, ಆ ಪುಡಿಗೆ ತುಕ್ಕು ಬಂದಿರುತ್ತದೆ. ಸೋಡಾಪುಡಿ ಹಚ್ಚಿ ಉಜ್ಜಿದರೆ ಹೋಗುತ್ತದೆ. ಕಬ್ಬಿಣದ ನಾರಿನಲ್ಲಿ ಉಜ್ಜಿದರೂ ಇದೇ ತೊಂದರೆ, ಹಾಗಾಗಿ ನಾನು ಪ್ಲಾಸ್ಟಿಕ್ ಬ್ರಷ್ಷಿಗೇ ನಿಂತೆ. ಮನೆಯಲ್ಲಿ ಸಾಣೆಕಲ್ಲಿಗೆ ನೀರು ಹಾಕಿ ಮಸೆದರೆ ಇನ್ನೂ ಒಳ್ಳೆಯದು, ಅಂಚು ಬಿಸಿಯಾಗಿ ನೀಲಿ ತಿರುಗುವ ಭಯವೂ ಇಲ್ಲ.

ಮಳೆಗಾಲ ಮುಗಿದು ಎಲ್ಲವನ್ನೂ ಬಿಚ್ಚಿದಾಗ ಹೆಚ್ಚು ತುಕ್ಕು ಕಂಡದ್ದು ಅಲಗಿನ ಮೇಲಲ್ಲ, ಕೀಲಿನಲ್ಲಿ. ಚೀನೀ ಚಾಕುವಿನ ಅಲಗು ಚೆನ್ನಾಗಿತ್ತು. ಹಿಡಿಯೊಳಗಿನ ತಗಡು, ಬೀಗದ ಪಟ್ಟಿ, ತಿರುಪಿನ ಬುಡ ಎಲ್ಲ ಕೆಂಪು. ಅಲಗಿಗೆ ಒಳ್ಳೆಯ ಉಕ್ಕು ಹಾಕಿ ಒಳಗಿನದಕ್ಕೆ ಅಗ್ಗದ್ದು ಹಾಕುವುದು ಒಂದು ಕಾರಣ. ಇನ್ನೊಂದು, ಕೀಲಿನ ಸಂದಿಗೆ ನೀರು ಹೋಗುತ್ತದೆ, ಗಾಳಿ ಆಡಲ್ಲ. ಆಮ್ಲಜನಕ ಸಿಗದಿದ್ದರೆ ಆ ಕ್ರೋಮಿಯಂ ಪದರ ಮತ್ತೆ ಕಟ್ಟಿಕೊಳ್ಳೋಕೆ ಆಗಲ್ಲ. ಹಾಗಾಗಿ ಒಳ್ಳೆಯ ಸ್ಟೇನ್‌ಲೆಸ್ಸೂ ಸಂದಿಯಲ್ಲಿ ಸೋಲುತ್ತದೆ. ಚರ್ಮದ ಚೀಲದಲ್ಲಿಟ್ಟ ಚಾಕುವಿಗೂ ಇದೇ ಗತಿ. ಚರ್ಮ ಒಂದು ಸಲ ನೆಂದರೆ ನಮ್ಮ ಕಡೆ ಸೆಪ್ಟೆಂಬರ್ ತನಕ ಒಣಗಲ್ಲ.

ಎಣ್ಣೆ ವಿಷಯಕ್ಕೆ ಬಂದರೆ, ಎಲ್ಲರ ಮನೆಯಲ್ಲೂ ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆ. ಹಲಸಿನ ಮೇಣ ಬಿಡಿಸೋಕೆ ಅದೇ ಸರಿ. ಆದರೆ 24 ಡಿಗ್ರಿ ಆಸುಪಾಸಿಗೆ ಇಳಿದರೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಿಗ್ಗೆ ಕೀಲು ಆಡಲ್ಲ. ಕೀಲಿಗೆ ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ ಬಿಡುತ್ತೇನೆ. ಹಣ್ಣು ಕುಯ್ಯುವ ಅಲಗಿಗೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ತೆಳ್ಳಗೆ. ಸಂಜೆ ಬಂದ ತಕ್ಷಣ ಸಿಹಿನೀರಲ್ಲಿ ತೊಳೆದು, ತೆರೆದೇ ಒಲೆಯ ದಂಡೆಯ ಮೇಲಿಡುವುದು. ಅಲ್ಲಿ ಬೆಚ್ಚಗಿರುತ್ತದೆ, ಊಟ ಮುಗಿಯುವಷ್ಟರಲ್ಲಿ ಸಂದಿಯೂ ಒಣಗಿರುತ್ತದೆ.

ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಜೇಬಲ್ಲಿರುವುದು 14ಸಿ28ಎನ್. ಎಚ್1ಗೆ ತುಕ್ಕಿಲ್ಲ ನಿಜ, ಆದರೆ ನಾರಿನ ಹಗ್ಗ ನಾಲ್ಕು ಸಲ ಕುಯ್ದರೆ ಹರಿತ ಇಳಿಯಿತು, ದಿನಾ ಮಸೆಯುವ ತಾಳ್ಮೆ ನನಗಿಲ್ಲ. ಹಡಗಿನವನಿಗೆ ವಾಪಸ್ ಕೊಟ್ಟೆ. ವಿಕ್ಟೋರಿನಾಕ್ಸ್ ಹಣ್ಣಿಗೆ ಮತ್ತು ಮನೆಗೆ. ಡಿ2 ಜನವರಿಯಿಂದ ಏಪ್ರಿಲ್ ತನಕ, ಒಣ ಹಗ್ಗ, ಪೈಪು, ಗೋಣಿ ಕುಯ್ಯೋಕೆ ಅದರಷ್ಟು ಹರಿತ ನಿಲ್ಲುವುದು ನನ್ನ ಹತ್ತಿರ ಇನ್ಯಾವುದೂ ಇಲ್ಲ. ಮಳೆಗಾಲಕ್ಕೆ ಒಂದೇ ಒಂದು ಕೊಳ್ಳುವವರು ಉಕ್ಕಿನ ಜೊತೆಗೆ ತಿರುಪಿನ ಕಡೆಗೂ ನೋಡಿ. ಗುಬ್ಬಿ ಮೊಳೆ (ರಿವೆಟ್) ಬಡಿದು ಮುಚ್ಚಿದ್ದಕ್ಕಿಂತ, ತಿರುಪು ಬಿಚ್ಚಿ ಒಳಗೆ ಒರೆಸೋಕೆ ಬರುವಂಥದ್ದು ತಗೊಳ್ಳಿ. ಹೆಚ್ಚಿನವಕ್ಕೆ ಟಿ6 ಇಲ್ಲಾಂದ್ರೆ ಟಿ8 ನಕ್ಷತ್ರದ ಸ್ಕ್ರೂಡ್ರೈವರ್ ಸಾಕು, ಮೊಬೈಲ್ ರಿಪೇರಿಯ ಸೆಟ್ಟಿನಲ್ಲಿ ಸಿಗುತ್ತದೆ. ಬಿಚ್ಚುವಾಗ ಕೆಳಗೆ ಒಂದು ತಟ್ಟೆ ಇಟ್ಟುಕೊಳ್ಳಿ, ಆ ವಾಷರ್ ಬಿದ್ದರೆ ಹುಡುಕೋಕೆ ಆಗಲ್ಲ.